ರವೆ ಕಾಲಿಡದ ಮನೆ

ನಮ್ಮ ಮನೆಯೊಳಗೆ ರವೆ ಬರಕೂಡದು ಎಂಬುದು ನಾನು ಮಾಡಿದ ಕಾನೂನು. ಹಾಸನದ ಕಡೆಯ ಹಳ್ಳಿಯಿಂದ ಬಂದು ನೌಕಾಪಡೆ ಸೇರಿದ ಹೊಸತರಲ್ಲಿ ನನ್ನನ್ನು ಹಡಗಿನ ಇಂಜಿನ್ ರೂಮಿಗೆ ಹಾಕಿದರು. ಊರ ಕೆರೆ ಬಿಟ್ಟರೆ ಬೇರೆ ನೀರು ನೋಡಿರದವನು ನಾನು. ಮೊದಲ ಪ್ರಯಾಣದಲ್ಲೇ ಬಂಗಾಳ ಕೊಲ್ಲಿ ಎದ್ದು ಕುಣಿಯಿತು. ಮೂರು ದಿನ ಬೆಳಗ್ಗೆ ಉಪ್ಪಿಟ್ಟು ಕೊಟ್ಟರು, ಮೂರು ದಿನವೂ ಅದು ಹೋದ ದಾರಿಯಲ್ಲೇ ವಾಪಸು ಬಂತು. ಆಮೇಲೆ ಡೀಸೆಲ್ ವಾಸನೆಗೆ ಹೊಂದಿಕೊಂಡೆ, ಅಲೆಗೂ ಹೊಂದಿಕೊಂಡೆ, ಉಪ್ಪಿಟ್ಟಿಗೆ ಮಾತ್ರ ಹೊಂದಿಕೊಳ್ಳಲಿಲ್ಲ. ಮದುವೆಯಾದ ಮೊದಲ ವಾರವೇ ಹೆಂಡತಿಗೆ ಹೇಳಿಬಿಟ್ಟೆ: ಅನ್ನ ಸೀದರೂ ತಿನ್ನುತ್ತೇನೆ, ಸಾರಿಗೆ ಉಪ್ಪು ಮರೆತರೂ ತಿನ್ನುತ್ತೇನೆ, ಉಪ್ಪಿಟ್ಟು ಮಾತ್ರ ಈ ಜನ್ಮದಲ್ಲಿ ಬೇಡ.

ಅವಳು ವಿಜಯವಾಡದ ತೆಲುಗು ಮನೆತನದವಳು. ಅವಳ ಅಣ್ಣ ನನ್ನ ಹಡಗಿನಲ್ಲೇ ಇದ್ದ, ಹಾಗೆ ಕೂಡಿಬಂದ ಸಂಬಂಧ. ಕನ್ನಡ ಕಲಿತದ್ದು ನನ್ನ ಅವ್ವನ ಹತ್ತಿರ. ಆದ್ದರಿಂದ ಇವತ್ತಿಗೂ ಅವಳು ಆಡುವುದು ನಮ್ಮ ಹಳ್ಳಿಯ ಕನ್ನಡವೇ, ಬಾಲಕ್ಕೊಂದು ತೆಲುಗಿನ ‘ಅಂಡಿ’ ಇರುತ್ತದೆ ಅಷ್ಟೆ. ನನ್ನ ಕಾನೂನು ಕೇಳಿ, "ಆಯ್ತಂಡಿ, ಬ್ಯಾಡ ಅಂದ್ರೆ ಬ್ಯಾಡ" ಎಂದಳು. ಅಷ್ಟು ಸುಲಭಕ್ಕೆ ಒಪ್ಪುವ ಹೆಂಗಸು ಅವಳಲ್ಲ ಎಂದು ಆಗಲೇ ಗೊತ್ತಿದ್ದರೆ ಅನುಮಾನ ಪಡುತ್ತಿದ್ದೆ. ಮದುವೆಯಾಗಿ ಇನ್ನೂ ಒಂದೇ ವಾರವಾಗಿತ್ತು, ಗೊತ್ತಾಗಲಿಲ್ಲ.

ನಮಗೆ ಒಬ್ಬನೇ ಮಗ. ಹುಟ್ಟಿದ್ದು, ಬೆಳೆದದ್ದು ವಿಶಾಖಪಟ್ಟಣದಲ್ಲಿ. ಅಮ್ಮನ ಜೊತೆ ತೆಲುಗು, ನನ್ನ ಜೊತೆ ಕನ್ನಡ, ಬೀದಿಯಲ್ಲಿ ಎರಡೂ ಸೇರಿದ ಇನ್ನೊಂದು. ಅವನು ಹಾಸನ ನೋಡಿದ್ದು ಬೇಸಿಗೆ ರಜೆಯಲ್ಲಿ ಹತ್ತು ಹತ್ತು ದಿನ, ಆದರೂ ಅವನ ಕನ್ನಡ ನಮ್ಮ ಹಟ್ಟಿಯ ಮುದುಕರದ್ದು. ಅವನಿಗೆ ಕನ್ನಡ ಕಲಿಸಲು ಇದ್ದವನು ನಾನೊಬ್ಬನೇ, ಹಾಗಾಗಿ ನಾನು ಬೈಯುವ ರೀತಿಯಲ್ಲೇ ಬೈಯುತ್ತಿದ್ದ, ನಾನು ಕೆಮ್ಮುವ ಕಡೆಯೇ ಕೆಮ್ಮುತ್ತಿದ್ದ.

ಉಪ್ಪಿಟ್ಟಿನ ವಿಷಯದಲ್ಲಂತೂ ಅವನು ನನ್ನ ಪಕ್ಷ. ಯಾವುದಾದರೂ ಮದುವೆ ಮನೆಯಲ್ಲಿ ಬೆಳಗಿನ ತಿಂಡಿಯ ಪಂಕ್ತಿಗೆ ಕೂರುತ್ತೇವೆ ಎಂದಿಟ್ಟುಕೊಳ್ಳಿ. ಬಕೆಟ್ಟು ಇನ್ನೂ ಹತ್ತು ಎಲೆ ದೂರದಲ್ಲಿರುವಾಗಲೇ ನಾನು ಅವನ ಮುಖ ನೋಡುತ್ತಿದ್ದೆ, ಅವನು ನನ್ನ ಮುಖ ನೋಡುತ್ತಿದ್ದ. "ಅಪ್ಪ, ಕಾಂಕ್ರೀಟು" ಎಂದು ಪಿಸುಗುಟ್ಟುತ್ತಿದ್ದ. ಇಬ್ಬರೂ ಒಟ್ಟಿಗೇ ಎದ್ದು ಚಪ್ಪಲಿ ಮೆಟ್ಟಿಕೊಂಡು ರಸ್ತೆಗೆ ಹೋಗಿ ಮೆಣಸಿನಕಾಯಿ ಬಜ್ಜಿಯ ಗಾಡಿ ಹುಡುಕುತ್ತಿದ್ದೆವು. ಬಜ್ಜಿ ಕಚ್ಚುತ್ತಾ ಉಪ್ಪಿಟ್ಟಿಗೆ ಬೈಯುವುದು, ಅದರ ವಂಶಕ್ಕೆ ಬೈಯುವುದು, ಅದನ್ನು ಕಂಡುಹಿಡಿದವನಿಗೆ ಬೈಯುವುದು. ಒಮ್ಮೆ ಅವನು ಹೇಳಿದ, "ಅಪ್ಪ, ನಮ್ಮ ಬಂದರಿನ ಗೋಡೆ ಬಿರುಕು ಬಿಟ್ರೆ ಸಿಮೆಂಟ್ ಯಾಕೆ ಬೇಕು, ಈ ಮದುವೆ ಮನೆಯಿಂದ ಎರಡು ಬಕೆಟ್ ಕಳಿಸಿದ್ರಾಯ್ತು." ನಾನು ನಗಲು ಹೋಗಿ ಮೆಣಸಿನಕಾಯಿ ನೆತ್ತಿಗೆ ಹತ್ತಿ ಕಣ್ಣೀರು ಸುರಿಸಿದೆ. ಒಳಗೆ ಬಂದರೆ ಹೆಂಡತಿ, "ತಂದೆ ಮಗ ಇಬ್ರಿಗೂ ಮಾನ ಮರ್ಯಾದೆ ಇಲ್ಲ" ಎನ್ನುತ್ತಿದ್ದಳು. ನಾನು ಮಾತ್ರ ಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೆ, ಇದು ರಕ್ತದಲ್ಲೇ ಬಂದ ಗುಣ ಎಂದು.

ಓದು ಮುಗಿಸಿ ಅವನು ವಿಜಯವಾಡದಲ್ಲಿ ಲಿಫ್ಟ್ ರಿಪೇರಿ ಮಾಡುವ ಕಂಪನಿಗೆ ಸೇರಿದ. "ನೀವು ಹಡಗಿನ ತಳದಲ್ಲಿ ಇಂಜಿನ್ ನೋಡಿದ್ರಿ, ನಾನು ಬಿಲ್ಡಿಂಗಿನ ನೆತ್ತಿ ಮೇಲೆ ಮೋಟರ್ ನೋಡ್ತೀನಿ, ನಮ್ಮ ಮನೆತನ ಮೇಲೆ ಬಂತು ನೋಡಿ" ಎನ್ನುತ್ತಿದ್ದ. ಕೆಲಸದಲ್ಲಿ ಚುರುಕು, ಆದರೆ ಹೋದ ಕಡೆ ಬೇಗ ಮುಗಿಸಿ ಬರುವ ಜಾತಿಯಲ್ಲ. ಲಿಫ್ಟ್ ಕೆಟ್ಟಿದೆ ಎಂದು ಐದನೇ ಮಹಡಿಯ ಅಜ್ಜಿಯ ತರಕಾರಿ ಚೀಲವನ್ನು ತಾನೇ ಹೊತ್ತು ಹತ್ತಿಸುವುದು, ಅಜ್ಜಿ ಕಾಫಿ ಕೊಟ್ಟರೆ ಕೂತು ಕುಡಿಯುವುದು, ಆಮೇಲೆ ಅಜ್ಜಿಯ ಮಿಕ್ಸಿಯೂ ಕೆಟ್ಟಿರುವುದು ಗೊತ್ತಾಗಿ ಅದನ್ನು ಬಿಚ್ಚುವುದು. ಲಿಫ್ಟ್ ಅಲ್ಲೇ ನಿಂತಿರುತ್ತಿತ್ತು. ಪ್ರತಿದಿನ ಬೆಳಗ್ಗೆ ತಾನು ತಿಂಡಿ ತಿನ್ನುವ ಆಯಮ್ಮನ ಟಿಫಿನ್ ಸೆಂಟರಿನಿಂದ ನನಗೊಂದು ಫೋಟೊ ಕಳಿಸುತ್ತಿದ್ದ. ತಟ್ಟೆಯಲ್ಲಿ ಮಡಚಿಟ್ಟ ಪೆಸರಟ್ಟು, ಅಂದರೆ ಹಸಿರು ಹೆಸರುಕಾಳಿನ ದೋಸೆ, ಪಕ್ಕದಲ್ಲಿ ಶುಂಠಿ ಚಟ್ನಿ. ನಾನು ಹೆಬ್ಬೆಟ್ಟಿನ ಗುರುತು ಕಳಿಸುತ್ತಿದ್ದೆ. ಅಷ್ಟೇ ನಮ್ಮ ಬೆಳಗಿನ ಮಾತು.

ಇಪ್ಪತ್ತೇಳನೇ ವಯಸ್ಸಿನಲ್ಲಿ, ಒಂದು ಬೆಳಗ್ಗೆ, ಶಟಲ್ ಆಡುತ್ತಾ ಆಡುತ್ತಾ ಕುಸಿದು ಬಿದ್ದ. ಹೃದಯ ನಿಂತುಹೋಗಿತ್ತು. ಯಾವ ಸೂಚನೆಯೂ ಇರಲಿಲ್ಲ. ಹಿಂದಿನ ಸಂಜೆ ಫೋನಿನಲ್ಲಿ ನಮ್ಮ ನೀರಿನ ಪಂಪಿನ ಬೇರಿಂಗ್ ಬದಲಾಯಿಸಿ ಎಂದು ಅರ್ಧ ಗಂಟೆ ನನಗೆ ಪಾಠ ಮಾಡಿದ್ದ, ಮೂವತ್ತು ವರ್ಷ ಇಂಜಿನ್ ನೋಡಿದವನಿಗೆ. ಆ ದಿನದ ಬಗ್ಗೆ ಇಷ್ಟೇ ಬರೆಯುತ್ತೇನೆ. "ಇಪ್ಪತ್ತೇಳು ವರ್ಷ ಬದುಕಿದ್ದ, ಒಂದು ಬೆಳಗ್ಗೆ ಹೋದ. ಯಾವುದನ್ನ ಜಾಸ್ತಿ ಬರೀಬೇಕು ನೀವೇ ಹೇಳಿ" ಎಂದು ನನ್ನ ಹೆಂಡತಿ ಕೇಳಿದಳು. ಅವಳು ಕೇಳಿದ್ದು ಸರಿಯಾಗಿದೆ.

ಒಂದು ಮಾತ್ರ ಹೇಳಬೇಕು. ಅವತ್ತಿನಿಂದ ಅವನ ಹೆಸರನ್ನು ನಾನು ಗಟ್ಟಿಯಾಗಿ ಹೇಳಿರಲಿಲ್ಲ. ಅವನು ಹುಡುಗನಾಗಿದ್ದಾಗ ಊಟಕ್ಕೆ ಕರೆಯುವ ಕೆಲಸ ನನ್ನದು. ಇಂಜಿನ್ ಸದ್ದಿನ ಮೇಲೆ ಕೂಗಿ ಕೂಗಿ ಪಳಗಿದ ಗಂಟಲು. ಎರಡನೇ ಮಹಡಿಯ ಬಾಲ್ಕನಿಯಲ್ಲಿ ನಿಂತು ಕೂಗಿದರೆ ಮೈದಾನದ ಆಚೆ ತುದಿಯಲ್ಲಿ ಅವನ ಜೊತೆಯ ಹುಡುಗರು, "ಹೋಗೋ, ನಿಮ್ಮ ಹಡಗು ಹಾರ್ನ್ ಹೊಡೀತು" ಎನ್ನುತ್ತಿದ್ದರಂತೆ. ಆ ಗಂಟಲಲ್ಲಿ ಈಗ ಆ ಹೆಸರು ಮಾತ್ರ ಏಳುತ್ತಿರಲಿಲ್ಲ. ಇಲ್ಲೂ ಬರೆಯುವುದಿಲ್ಲ. ಅದು ಕೂಗಲು ಇಟ್ಟ ಹೆಸರು.

ವರ್ಷ ತುಂಬಿತು. ಪಿತೃಪಕ್ಷ ಬಂತು. ನಮ್ಮ ಕಡೆ ಮಹಾಲಯ ಅಮಾವಾಸ್ಯೆಗೆ ತೀರಿಕೊಂಡವರಿಗೆ ಎಡೆ ಇಡುತ್ತೇವೆ. ಬಾಳೆ ಎಲೆಯ ಮೇಲೆ ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸಿ, ಹೊಸ ಬಟ್ಟೆ ಇಟ್ಟು, ಧೂಪ ಹಾಕಿ, ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲುವುದು. ಸ್ವಲ್ಪ ಹೊತ್ತಿಗೆ ಅವರು ಬಂದು ಉಂಡು ಹೋಗುತ್ತಾರೆ. ಆಮೇಲೆ ಬಾಗಿಲು ತಟ್ಟಿ ಒಳಗೆ ಹೋಗಿ, ಆ ಎಲೆಯಲ್ಲಿದ್ದದ್ದನ್ನು ಮನೆಯವರು ಪ್ರಸಾದವೆಂದು ತಿನ್ನಬೇಕು. ವಿಶಾಖಪಟ್ಟಣಕ್ಕೆ ಬಂದರೂ ನಾನು ಇದನ್ನು ಬಿಟ್ಟಿಲ್ಲ. ನನ್ನ ಅಪ್ಪನ ಎಡೆಗೆ ಕೋಳಿ ಸಾರು, ಮುದ್ದೆ, ಒಂದು ಕಟ್ಟು ಬೀಡಿ.

ಮಗನಿಗೆ ಆರು ವರ್ಷವಿದ್ದಾಗ ಆ ಬೀಡಿ ಕಟ್ಟನ್ನು ತುಂಬ ಹೊತ್ತು ನೋಡಿದ. ಅಡುಗೆಮನೆಗೆ ಹೋಗಿ ಬೆಂಕಿಪೊಟ್ಟಣ ತಂದು ಪಕ್ಕದಲ್ಲಿಟ್ಟ. "ತಾತ ಬೀಡಿ ಕೈಯಾಗೆ ಹಿಡ್ಕಂಡು ಸುಮ್ನೆ ಕುಂತ್ಕಬೇಕಾ?" ಎಂದ. ಇಷ್ಟು ವರ್ಷ ಯಾರಿಗೂ ಹೊಳೆದಿರಲಿಲ್ಲ. ಅಲ್ಲಿಂದ ಪ್ರತಿವರ್ಷ ಬೆಂಕಿಪೊಟ್ಟಣ ಇಡುವುದು ನಮ್ಮ ಮನೆಯ ಪದ್ಧತಿಯಾಯಿತು. ದೊಡ್ಡವನಾದ ಮೇಲೆ ಇನ್ನೊಂದು ಎಡೆಯ ದಿನ ಕೇಳಿದ, "ಅಪ್ಪ, ಮುಂದೆ ನಿಮ್ಮ ಎಡೆಗೆ ಏನಿಡಲಿ?" ಏನಾದರೂ ಇಡು, ಉಪ್ಪಿಟ್ಟು ಇಟ್ಟರೆ ಬಾಗಿಲಿಂದಲೇ ವಾಪಸು ಹೋಗುತ್ತೇನೆ ಎಂದೆ. "ಹಂಗಾದ್ರೆ ಉಪ್ಪಿಟ್ಟೇ ಇಡ್ತೀನಿ, ಹೊರಗಿಂದ ಚಿಲಕ ಹಾಕ್ಬಿಡ್ತೀನಿ" ಎಂದ. ಎಡೆಯ ಮುಂದೆ ನಿಂತು ಮೂವರೂ ನಕ್ಕಿದ್ದೆವು.

ಈಗ ಅವನಿಗೇ ಎಡೆ ಇಡಬೇಕು. ಹೇಗೆ ಎಂದು ತಿಳಿಯಲಿಲ್ಲ. ಎಡೆಗೆ ಕಿರಿಯರು ಕೈ ಮುಗಿಯುತ್ತಾರೆ. ಮಗನ ಎಲೆಯ ಮುಂದೆ ಅಪ್ಪ ಅಮ್ಮ ಕೈ ಮುಗಿಯುವುದುಂಟೇ? ಊರಲ್ಲಿರುವ ನನ್ನ ಅಕ್ಕನಿಗೆ ಫೋನ್ ಮಾಡಿದೆ.

"ದೊಡ್ಡೋರು ಚಿಕ್ಕೋರಿಗೆ ಕೈ ಮುಗಿಯಂಗಿಲ್ಲ ಕಣಪ್ಪ" ಎಂದಳು ಅಕ್ಕ. "ಅವನಿಗೆ ಏನಿಷ್ಟವೋ ಅದ ಇಟ್ಬಿಟ್ಟು, ಹೆಸರಿಡಿದು ಊಟಕ್ಕೆ ಕೂಗು, ಸಾಕು. ಅಪ್ಪನ ಕೂಗಿಗೆ ಬರದೆ ಇನ್ಯಾರ ಕೂಗಿಗೆ ಬತ್ತಾನೆ? ಆದ್ರೆ ಇಷ್ಟವಾದದ್ದೇ ಇರ್ಬೇಕು ನೋಡು. ಇಲ್ದಿದ್ರೆ ಬಂದೋನು ಎಲೆ ನೋಡ್ಬಿಟ್ಟು ಹಂಗೇ ಹೋಯ್ತಾನೆ."

ಆ ಕೊನೆಯ ಮಾತು ನನ್ನನ್ನು ಹಿಡಿದುಕೊಂಡಿತು. ಬಂದವನು ಹಾಗೇ ಹೋಗಬಾರದು. ಇಂಥದ್ದರಲ್ಲಿ ನನಗೆ ನಂಬಿಕೆ ಇದೆಯೋ ಇಲ್ಲವೋ, ಆ ಮಾತು ಬೇರೆ. ಆದರೆ ಅವನು ಅಷ್ಟು ದೂರದಿಂದ ಬಂದು ಹಸಿದು ವಾಪಸು ಹೋಗಲು ನಾನು ಬಿಡುವವನಲ್ಲ.

ಏನಿಡಬೇಕು ಎಂದು ಕೂತರೆ ಎತ್ತು ಏರಿಗೆ, ಕೋಣ ನೀರಿಗೆ. ಅವನಿಗೆ ಪ್ರಾಣ ಎಂದರೆ ಮುದ್ದೆ, ಕೋಳಿ ಸಾರು ಎಂದೆ ನಾನು. ಅಲ್ಲವೇ ಅಲ್ಲ, ಪಪ್ಪು ಎನ್ನುವ ತೊವ್ವೆ, ತುಪ್ಪ, ಆವಕಾಯಿ ಉಪ್ಪಿನಕಾಯಿ ಎಂದಳು ಅವಳು. ನನ್ನ ಹತ್ತಿರ ಅವನೇ ಸಾವಿರ ಸಲ ಹೇಳಿದ್ದಾನೆ ಎಂದೆ. ತನ್ನ ಹತ್ತಿರವೂ ಸಾವಿರ ಸಲ ಹೇಳಿದ್ದಾನೆ ಎಂದಳು. ಕಳ್ಳ, ಕನ್ನಡದಲ್ಲಿ ಒಂದು ಹೇಳಿದ್ದ, ತೆಲುಗಿನಲ್ಲಿ ಇನ್ನೊಂದು. ಇಬ್ಬರನ್ನೂ ಸಂತೋಷಪಡಿಸಿ ಎರಡು ಕಡೆಯೂ ಎರಡೆರಡು ಸಲ ಬಡಿಸಿಕೊಂಡು ಉಂಡಿದ್ದ. ಮೂರು ದಿನ ಜಗಳವಾದ ಮೇಲೆ ಹೆಂಡತಿಯೇ ಒಂದು ದಾರಿ ಹೇಳಿದಳು. "ವಿಜಯವಾಡಕ್ಕೆ ಹೋಗೋಣಂಡಿ. ನಾಲ್ಕು ವರ್ಷ ದಿನಾ ತಿಂಡಿ ಹಾಕಿದ ಆಯಮ್ಮನ್ನ ಕೇಳೋಣ. ಹೊರಗಿನೋರ ಹತ್ರ ಅವನ್ಯಾಕೆ ಸುಳ್ಳು ಹೇಳ್ತಾನೆ?" ನನಗೆ ಸರಿ ಕಂಡಿತು.

ಬೆಳಗಿನ ರೈಲು ಹಿಡಿದೆವು. ಆಯಮ್ಮನ ಟಿಫಿನ್ ಸೆಂಟರ್ ಕಾಲುವೆಯ ಪಕ್ಕದ ಓಣಿಯಲ್ಲಿ, ಅವರ ಮನೆಯ ಮುಂದಿನ ಶೀಟಿನ ಕೆಳಗೆ. ಒಂದು ದೊಡ್ಡ ಕಾವಲಿ, ನಾಲ್ಕು ಸ್ಟೂಲು. ನಮ್ಮನ್ನು ಗುರುತು ಹಿಡಿದು ನನ್ನ ಹೆಂಡತಿಯನ್ನು ಅಪ್ಪಿಕೊಂಡರು, ಇಬ್ಬರೂ ಸ್ವಲ್ಪ ಅತ್ತರು. ಆಮೇಲೆ ನಾನು ವಿಷಯ ಹೇಳಿದೆ. ಅವರು ತೆಲುಗಿನಲ್ಲಿ ಹೇಳಿದ್ದನ್ನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಅವನಿಗೇನಿಷ್ಟ ಅಂತ ನನ್ನ ಕೇಳ್ತೀರಾ ಅನ್ನಯ್ಯ? ಈ ಓಣಿ ನಾಯಿನ ಕೇಳಿದ್ರೂ ಹೇಳುತ್ತೆ. ಪೆಸರಟ್ಟು, ಅದರ ಹೊಟ್ಟೆ ತುಂಬ ಉಪ್ಮಾ!"

ನಾನು ಸಮಾಧಾನದಿಂದಲೇ ತಿದ್ದಿದೆ. ತಾಯಿ, ನಿಮಗೆ ಬೇರೆ ಯಾರೋ ನೆನಪಾಗಿರಬೇಕು, ನನ್ನ ಮಗ ಉಪ್ಪಿಟ್ಟು ಮುಟ್ಟುವವನಲ್ಲ, ನಮ್ಮ ರಕ್ತದಲ್ಲೇ ಅದಿಲ್ಲ ಎಂದೆ. ಬೇಕಾದರೆ ನೋಡಿ ಎಂದು ಫೋನ್ ತೆಗೆದು ಅವನು ಕಳಿಸಿದ ಫೋಟೊಗಳನ್ನು ಒಂದೊಂದಾಗಿ ಸರಿಸಿ ತೋರಿಸಿದೆ. ಬರೀ ಪೆಸರಟ್ಟು, ಚಟ್ನಿ. ಆಯಮ್ಮ ಕನ್ನಡಕ ಹಾಕಿಕೊಂಡು ನೋಡಿ, ಫೋಟೊದ ನಡುವೆ ಬೆರಳಿಟ್ಟರು.

"ಈ ಉಬ್ಬು ಏನಂದ್ಕೊಂಡಿದ್ರಿ?"

ನೋಡಿದೆ. ಇನ್ನೊಂದು ಫೋಟೊ ನೋಡಿದೆ. ಪ್ರತಿ ಪೆಸರಟ್ಟೂ ಬಸುರಿಯಾಗಿತ್ತು. ವರ್ಷಗಟ್ಟಲೆ ಪ್ರತಿದಿನ ನಾನು ಹೆಬ್ಬೆಟ್ಟು ಎತ್ತಿ ಶಹಬ್ಬಾಸ್ ಎಂದದ್ದು ಉಪ್ಪಿಟ್ಟಿಗೆ.

ಆಯಮ್ಮ ಸೌಟು ಕೆಳಗಿಟ್ಟು ನಗತೊಡಗಿದರು. ಶಟಲ್ ಮುಗಿಸಿ ಬರುತ್ತಿದ್ದನಂತೆ. ಬರುವಾಗಲೇ ಓಣಿಯ ತುದಿಯಿಂದ "ಪಿನ್ನಿ, ಎರಡು ಸೌಟು!" ಎಂದು ಚಿಕ್ಕಮ್ಮನನ್ನು ಕರೆದ ಹಾಗೆ ಕೂಗುತ್ತಿದ್ದನಂತೆ. ಅದು ನನ್ನ ಕೂಗೇ ಎಂದು ಕೇಳಿದ ಕೂಡಲೇ ಗೊತ್ತಾಯಿತು. ಪೆಸರಟ್ಟನ್ನು ಚೆನ್ನಾಗಿ ಮಡಚಿ, ಉಪ್ಪಿಟ್ಟಿನ ಒಂದು ಕಾಳೂ ಕಾಣದ ಹಾಗೆ ತಟ್ಟೆ ತಿರುಗಿಸಿ ತಿರುಗಿಸಿ ಫೋಟೊ ತೆಗೆಯುತ್ತಿದ್ದನಂತೆ. ಯಾಕಪ್ಪ ಹೀಗೆ ಎಂದರೆ, "ನಮ್ಮ ಅಪ್ಪನಿಗೆ ಗೊತ್ತಾದ್ರೆ ನನ್ನ ನಡುಸಮುದ್ರದಲ್ಲಿ ಇಳಿಸ್ಬಿಡ್ತಾರೆ" ಎನ್ನುತ್ತಿದ್ದನಂತೆ. ನಾಲ್ಕು ಸ್ಟೂಲಿನ ಗಿರಾಕಿಗಳೆಲ್ಲ ಈ ಗುಟ್ಟಿನಲ್ಲಿ ಪಾಲುದಾರರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಿತ್ತು, ಊರೆಲ್ಲ ನೋಡಿತ್ತು, ಕಾಣದೆ ಹೋದವನು ನಾನೊಬ್ಬನೇ.

ನನಗೆ ಮೊದಲು ಬಂದದ್ದು ಸಿಟ್ಟು. ನಿಜ ಹೇಳುತ್ತೇನೆ, ಸತ್ತ ಮಗನ ಮೇಲೆ ಕೆಂಡದಂಥ ಸಿಟ್ಟು ಬಂತು. ಎದುರಿಗಿದ್ದಿದ್ದರೆ ಕಿವಿ ಹಿಂಡುತ್ತಿದ್ದೆ. ಹೀಗೆ ಸಿಟ್ಟು ಬಂದು ವರ್ಷವಾಗಿತ್ತು, ಬಂದದ್ದು ಒಂದು ರೀತಿ ಹಿತವಾಗಿಯೇ ಇತ್ತು. ತಿರುಗಿ ನೋಡಿದರೆ ಹೆಂಡತಿ ಸೆರಗನ್ನು ಬಾಯಿಗೊತ್ತಿಕೊಂಡಿದ್ದಾಳೆ. ಪಾಪ, ಅಳುತ್ತಿದ್ದಾಳೆ ಎಂದುಕೊಂಡೆ. ಅಳುತ್ತಿರಲಿಲ್ಲ. ಅವಳ ಹೆಗಲು ಕುಲುಕುತ್ತಿದ್ದ ರೀತಿ ಬೇರೆಯದೇ ಇತ್ತು. ಆಯಮ್ಮ ನಮಗೂ ಪೆಸರಟ್ಟು ಹಾಕಿಕೊಟ್ಟರು. ನಾನು ಹಟಕ್ಕೆ ಬರೀ ಪೆಸರಟ್ಟು ತಿಂದೆ. ನನ್ನ ಹೆಂಡತಿ ನನ್ನೆದುರೇ ಎರಡು ಸೌಟು ಉಪ್ಪಿಟ್ಟು ಹಾಕಿಸಿಕೊಂಡು, ಕೈ ನೆಕ್ಕಿಕೊಂಡು ತಿಂದಳು.

ವಾಪಸು ಬರುವ ರೈಲು ಗೋದಾವರಿ ಸೇತುವೆ ಹತ್ತಿತು. ಸೇತುವೆಯ ಮೇಲೆ ಕೇಳಿದೆ, ನಿನಗೆ ಎಷ್ಟು ವರ್ಷದಿಂದ ಗೊತ್ತು?

"ಅವನು ಹುಟ್ಟಿದಾಗಿಂದ ಗೊತ್ತಂಡಿ. ತಿನ್ನಿಸಿದವಳೇ ನಾನು" ಎಂದಳು. "ನಿಮ್ಮ ಹಡಗು ಹೊರಡೋ ದಿನ ಅವನನ್ನ ಎತ್ಕಂಡು ಬೀಚಿಗೆ ಹೋಗ್ತಿದ್ನಲ್ಲ, ಟಾಟಾ ಮಾಡೋಕೆ? ಹಡಗು ಡಾಲ್ಫಿನ್ ನೋಸ್ ಗುಡ್ಡ ದಾಟಿ ಮರೆಯಾಗೋದೇ ತಡ, ಸೀದಾ ಮನೆಗೆ ಬಂದು ರವೆ ಹುರಿಯೋದು."

ಹಡಗಿನಿಂದ ದಡ ನೋಡುತ್ತಾ, ಹೆಂಡತಿ ಮಗು ಅಲ್ಲಿ ನಿಂತು ಅಳುತ್ತಿರಬಹುದು ಎಂದು ನಾನು ಎಷ್ಟು ಸಲ ಕಣ್ಣೊರೆಸಿಕೊಂಡಿಲ್ಲ! ಭಾನುವಾರ ಮನೆಯಲ್ಲಿದ್ದರೆ ಹಡಗಿನಲ್ಲಿ ಮಾಡುವಂತೆ ಅಡುಗೆಮನೆಯ ಡಬ್ಬಿ ಡಬ್ಬಿಯನ್ನೂ ತೆಗೆದು ತಪಾಸಣೆ ಮಾಡುತ್ತಿದ್ದವನು ನಾನು. ರವೆ ಎಲ್ಲಿಟ್ಟಿದ್ದೆ ಎಂದು ಕೇಳಿದೆ. ಅವನ ಕ್ರಿಕೆಟ್ ಚೀಲದಲ್ಲಿ, ಎರಡು ಪ್ಯಾಡಿನ ನಡುವೆ. ಆ ಚೀಲವನ್ನು ನಾನೇ ಎಷ್ಟೋ ಸಲ ಹೆಗಲಿಗೆ ಹಾಕಿಕೊಂಡು ಮೈದಾನಕ್ಕೆ ಹೊತ್ತಿದ್ದೇನೆ.

"ಹಂಗಾದ್ರೆ ಅವತ್ತೇ ಹೇಳ್ಬೋದಿತ್ತಲ್ಲ, ಎಡೆಗೆ ಉಪ್ಪಿಟ್ಟು ಇಡೋಣ ಅಂತ?"

"ಮಾತು ಕೊಟ್ಟಿದ್ದೆ ಅವನಿಗೆ, ಅಪ್ಪನಿಗೆ ಹೇಳಲ್ಲ ಅಂತ. ನಾನು ಹೇಳಂಗಿಲ್ಲ. ಆಯಮ್ಮ ಮಾತು ಕೊಟ್ಟಿರ್ಲಿಲ್ಲ" ಎಂದಳು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಅದಕ್ಕೇ ನನ್ನನ್ನು ವಿಜಯವಾಡಕ್ಕೆ ಹೊರಡಿಸಿದ್ದು.

ಆಮೇಲೆ ಕಿಟಕಿಯ ಕಡೆ ನೋಡಿಕೊಂಡು ಇನ್ನೊಂದು ಮಾತು ಹೇಳಿದಳು. ಕೆಲಸಕ್ಕೆ ಸೇರಿದ ಮೇಲೆ ಅವಳೇ ಅವನನ್ನು ಕೇಳಿದ್ದಳಂತೆ, ಇನ್ನಾದರೂ ಅಪ್ಪನಿಗೆ ಹೇಳಬಾರದೇನೋ, ಎಷ್ಟು ದಿನ ಈ ನಾಟಕ ಎಂದು. ಅದಕ್ಕೆ ಅವನು, "ಬೇಡಮ್ಮ. ಉಪ್ಪಿಟ್ಟು ಎಲ್ಲಾದ್ರೂ ಸಿಗುತ್ತೆ. ಅಪ್ಪನ ಜೊತೆ ಪಂಕ್ತಿ ಬಿಟ್ಟು ಎದ್ದು ಹೋಗಿ ಬಜ್ಜಿ ತಿನ್ನೋದು ಎಲ್ಲಿ ಸಿಗುತ್ತೆ?" ಎಂದನಂತೆ.

ನಾನು ಎದ್ದು ಬಾಗಿಲ ಹತ್ತಿರ ಹೋಗಿ ನಿಂತೆ. ತುನಿ ಸ್ಟೇಷನ್ ಬರುವವರೆಗೂ ಒಳಗೆ ಬರಲಿಲ್ಲ.

ಅಮಾವಾಸ್ಯೆಯ ದಿನ ಬೆಳಗ್ಗೆ ನಾನೇ ಅಂಗಡಿಗೆ ಹೋಗಿ ಒಂದು ಕೆಜಿ ರವೆ ತಂದೆ. ಚೀಲದಲ್ಲಿ ಮುಚ್ಚಿಕೊಂಡು ಬಂದದ್ದು ಮಾತ್ರ ನಿಜ, ಮೂವತ್ತು ವರ್ಷದ ಮಾನದ ಪ್ರಶ್ನೆ. ಮಧ್ಯಾಹ್ನಕ್ಕೆ ಎರಡು ಎಲೆ ಹಾಕಿದೆವು. ಅಪ್ಪನ ಎಲೆಗೆ ಎಂದಿನಂತೆ ಬೀಡಿ, ಬೆಂಕಿಪೊಟ್ಟಣ. ಮಗನ ಎಲೆಗೆ ಮುದ್ದೆ, ಕೋಳಿ ಸಾರು, ಪಪ್ಪು, ಆವಕಾಯಿ; ಯಾವುದನ್ನೂ ಬಿಡಲು ಇಬ್ಬರಿಗೂ ಮನಸ್ಸಾಗಲಿಲ್ಲ. ಮೆಣಸಿನಕಾಯಿ ಬಜ್ಜಿ ನಾಲ್ಕು. ಹೊಸ ಟೀ ಶರ್ಟು, ಒಂದು ಶಟಲ್ ಕಾಕ್. ನಡುವೆ ಪೆಸರಟ್ಟು. ಹೆಂಡತಿ ಅದನ್ನು ಅಭ್ಯಾಸದಂತೆ ಮಡಚಲು ಹೋದಳು. ಬೇಡ, ಬಿಚ್ಚಿಡು, ಇನ್ನು ಮುಚ್ಚಿಡುವುದು ಯಾಕೆ ಎಂದೆ. ಬಿಚ್ಚಿದ ಪೆಸರಟ್ಟಿನ ಮೇಲೆ ಎರಡು ಸೌಟು ಉಪ್ಪಿಟ್ಟು, ಹೊಗೆಯಾಡುತ್ತಾ ಕೂತಿತು.

ಧೂಪ ಹಾಕಿ, ಬಾಗಿಲು ಮುಚ್ಚಿ ಹೊರಗೆ ಬಂದು ಮೆಟ್ಟಿಲ ಹತ್ತಿರ ನಿಂತೆವು. ದೂರದಲ್ಲಿ ಸಿಂಹಾಚಲಂ ಬೆಟ್ಟ ಬಿಸಿಲಲ್ಲಿ ಮಲಗಿತ್ತು. ಇನ್ನು ಕೂಗಬೇಕು. ಬಾಯಿ ತೆರೆದೆ, ಗಾಳಿ ಬಿಟ್ಟು ಬೇರೇನೂ ಬರಲಿಲ್ಲ. ಇನ್ನೊಂದು ಸಲ ತೆರೆದೆ.

"ಇಂಜಿನ್ ರೂಮಿನ ಗಂಟಲು ಎಲ್ಲಿ ಹೋಯ್ತಂಡಿ?" ಎಂದಳು ಹೆಂಡತಿ. ಅವಳ ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು. "ಕೂಗಿ. ಅವನಿಗೆ ಆರಿದ ಉಪ್ಪಿಟ್ಟು ಸೇರಲ್ಲ."

ಕೂಗಿದೆ. ಹೆಸರು ಹಿಡಿದು, ಮೈದಾನದ ಆಚೆ ತುದಿಗೆ ಕೇಳುವ ಹಾಗೆ. "ಬಾರ್ಲಾ! ಉಪ್ಪಿಟ್ಟು ಆರೋಯ್ತದೆ, ಬೇಗ ಬಾ!" ಎಂದು ಕೂಗಿದೆ. ಕಾಗೆಗಳು ಎದ್ದವು, ಮೇಲಿನ ಮನೆಯಲ್ಲಿ ಟಿವಿಯ ಸದ್ದು ತಗ್ಗಿತು. ಕೆಳಗಿನ ಮನೆಯಾಕೆ ಗಾಬರಿಯಾಗಿ ಹೊರಗೆ ಬಂದು, ಯಾರು ಬಂದರು ಎಂದು ತೆಲುಗಿನಲ್ಲಿ ಕೇಳಿದರು. "ನಮ್ಮ ಹುಡುಗ" ಎಂದು ನನ್ನ ಹೆಂಡತಿ ತೆಲುಗಿನಲ್ಲೇ ಹೇಳಿದಳು. ಅವರು ತಲೆಯಾಡಿಸಿ ಒಳಗೆ ಹೋದರು.

ಹೊತ್ತು ನೋಡಿಕೊಂಡು ಬಾಗಿಲು ತಟ್ಟಿ ಒಳಗೆ ಬಂದೆವು. ಎಲೆ ಇಟ್ಟ ಹಾಗೇ ಇತ್ತು. ಯಾವಾಗಲೂ ಹಾಗೇ ಇರುತ್ತದೆ. ಇಬ್ಬರೂ ನೆಲದ ಮೇಲೆ ಕೂತೆವು. ಅವನ ಎಲೆಯಿಂದ ಒಂದು ತುತ್ತು ಉಪ್ಪಿಟ್ಟು ತೆಗೆದು ಬಾಯಿಗಿಟ್ಟೆ. ಶುಂಠಿ, ಹಸಿಮೆಣಸು, ತುಪ್ಪ. ನಾಲಿಗೆ ಸುಡುವಷ್ಟು ಬಿಸಿ ಇನ್ನೂ ಇತ್ತು. ಹೆಂಡತಿ ಊಟ ನಿಲ್ಲಿಸಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ಥೂ, ಕಾಂಕ್ರೀಟು" ಎಂದೆ, ಗೋಡೆಯ ಮೇಲಿದ್ದ ಅವನ ಫೋಟೊ ನೋಡಿಕೊಂಡು. ಆಮೇಲೆ ಎಲೆಯನ್ನು ಅವಳ ಕಡೆ ಸರಿಸಿ ಇನ್ನೊಂದು ಸೌಟು ಹಾಕಿಸಿಕೊಂಡೆ.